ವಿಶಾಖಪಟ್ಟಣದಿಂದ ವಿಜಯವಾಡಕ್ಕೆ, ‘ಕೊ’ ಹಿಡಿದುಕೊಂಡು



ನಿಮ್ಮಲ್ಲಿ ಬಹಳ ಮಂದಿ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಓದಿದವರು, ಇಲ್ಲವೇ ಈಗ ಓದುತ್ತಿರುವವರು. ಟೀಚರ್ ಬೋರ್ಡಿನ ಮೇಲೆ ‘ಲಾವಾರ್’, ‘ಲಾವಾರ್ಸೆ’ ಎಂದು ಎರಡು ಪದ ಬರೆದು, ಒಂದು ಬೇರೆ ಏನನ್ನೋ ತೊಳೆಯುವುದು, ಇನ್ನೊಂದು ತನ್ನನ್ನೇ ತೊಳೆಯುವುದು ಎಂದಾಗ ನೀವು ತಲೆ ಕೆರೆದುಕೊಂಡಿರುತ್ತೀರಿ. (ಈಗ ನಾನು ‘ಕೆರೆದುಕೊಂಡಿರುತ್ತೀರಿ’ ಎಂದೆನಲ್ಲ, ಅದರೊಳಗಿನ ‘ಕೊಂಡು’ವನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಿ.) ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಇದು ಕಷ್ಟವೇ. ಇಂಗ್ಲಿಷಿನಲ್ಲಿ ಕೈ ತೊಳೆದರೂ ಕಾರು ತೊಳೆದರೂ ಕ್ರಿಯಾಪದ ಒಂದೇ. ಆದರೆ ಕನ್ನಡದಲ್ಲಿ ಯೋಚಿಸಿದರೆ ಇದು ನಮ್ಮ ಮನೆಯ ಹಿತ್ತಲಲ್ಲೇ ಬೆಳೆದ ಗಿಡ. ಪಕ್ಕದ ಮನೆ ತೆಲುಗಿನವರ ಹಿತ್ತಲಲ್ಲೂ ಅದೇ ಗಿಡ. ಇದನ್ನು ಕಂಡುಹಿಡಿದವಳು ನಾನಲ್ಲ, ನನ್ನ ತಂಗಿಯ ಮಗಳು. ಅವಳಿಗೆ ಹದಿನಾರು ವರ್ಷ. ಕಂಡುಹಿಡಿದದ್ದು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರೈಲಿನಲ್ಲಿ. ಆ ಪ್ರವಾಸದ ವಿಷಯವನ್ನೇ ಬರೆಯುತ್ತೇನೆ. ವ್ಯಾಕರಣ ನಡುನಡುವೆ ಬರುತ್ತದೆ, ಹೆದರಬೇಡಿ.

ನಾವು ಹೋದದ್ದು ಜೂನ್ ತಿಂಗಳಲ್ಲಿ, ವಿಶಾಖಪಟ್ಟಣದಲ್ಲಿ ನೆಂಟರ ಮನೆಯ ಮದುವೆಗೆ. ಜೂನಿನಲ್ಲಿ ಆ ಊರಿಗೆ ಹೋಗಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಮೈಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ ಸೆಕೆ. ಆದರೆ ಸಂಜೆ ರಾಮಕೃಷ್ಣ ಬೀಚಿನಲ್ಲಿ ಗಾಳಿ ಬೀಸತೊಡಗಿದರೆ ಹಗಲಿನ ಕಷ್ಟವೆಲ್ಲ ಮರೆಯುತ್ತದೆ. ಒಂದು ಕಡೆ ಬೆಟ್ಟ, ಒಂದು ಕಡೆ ಬಂಗಾಳ ಕೊಲ್ಲಿ. ದಕ್ಷಿಣಕ್ಕೆ ಡಾಲ್ಫಿನ್ ನೋಸ್ ಎಂಬ ಗುಡ್ಡ ಮೂಗು ಚಾಚಿಕೊಂಡು ಸಮುದ್ರಕ್ಕೆ ಇಳಿದಿದೆ. ಉತ್ತರಕ್ಕೆ ಕೈಲಾಸಗಿರಿ, ಅದಕ್ಕೆ ರೋಪ್‌ವೇ. ಬೀಚಿನ ಮರಳಿನ ಮೇಲೆಯೇ ‘ಐ.ಎನ್.ಎಸ್. ಕುರ್ಸುರಾ’ ಎಂಬ ಜಲಾಂತರ್ಗಾಮಿ ಮಲಗಿಕೊಂಡಿದೆ. 1969ರಲ್ಲಿ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಅದನ್ನು ದಡಕ್ಕೆ ಎಳೆದು ತಂದು 2002ರಲ್ಲಿ ಮ್ಯೂಸಿಯಂ ಮಾಡಿದರು. ಒಳಗೆ ಹೋಗಿ ನೋಡಿ. ಅಷ್ಟು ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಬದುಕಿದವರ ತಾಳ್ಮೆ ದೊಡ್ಡದು.

ಕನ್ನಡಿಗರಿಗೆ ಈ ಊರು ಪೂರ್ತಿ ಪರದೇಶವಲ್ಲ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಶುರುವಾದದ್ದು ವಿಜಯವಾಡದಲ್ಲಿ (ಆಗಿನ ಹೆಸರು ಬೆಜವಾಡ), ಆಮೇಲೆ ವಿಶಾಖಪಟ್ಟಣದ ವಾಲ್ಟೇರಿಗೆ ಬಂತು. ಅದರ ಮೊದಲ ಕುಲಪತಿ ಸಿ.ಆರ್. ರೆಡ್ಡಿಯವರು ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. 1931ರಿಂದ 1936ರವರೆಗೆ ಕುಲಪತಿಗಳಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರೂ ಅದಕ್ಕೆ ಮೊದಲು ಅದೇ ಕಾಲೇಜಿನಲ್ಲಿ ಪಾಠ ಹೇಳಿದವರು. ಇನ್ನೂ ಹಿಂದೆ ಹೋದರೆ, ಏಳನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಈ ಕಡೆಗೆ ಬಂದು ವೆಂಗಿಯ ಚಾಲುಕ್ಯ ರಾಜ್ಯ ಕಟ್ಟಿಕೊಂಡ. ನಮ್ಮ ಆದಿಕವಿ ಪಂಪನ ಹಿರಿಯರು ಆ ವೆಂಗಿ ನಾಡಿನವರೇ. ಲಿಪಿಗಳಂತೂ ಅಕ್ಕತಂಗಿಯರು. ನಮ್ಮ ಹುಡುಗಿ ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರದಲ್ಲೇ ಬಸ್ಸಿನ ಬೋರ್ಡುಗಳನ್ನು ತಡವರಿಸುತ್ತ ಓದಿಬಿಟ್ಟಳು. ‘ವಿಜಯವಾಡ’ ಎಂಬ ಹೆಸರು ಎರಡು ಲಿಪಿಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ತಲೆಕಟ್ಟು ಮಾತ್ರ ತೆಲುಗಿನಲ್ಲಿ ಮೇಷ್ಟ್ರು ಹಾಕಿದ ‘ರೈಟು’ ಗುರುತಿನಂತೆ.

ಮದುವೆ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಹೆಣ್ಣಿನ ತಂದೆತಾಯಿ ಗಂಡಿನ ಕಾಲು ತೊಳೆಯುವ ಶಾಸ್ತ್ರ ನಡೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು, ರೇಷ್ಮೆ ಸೀರೆ ಉಟ್ಟ ಹುಡುಗಿ ಕಂಡರೆ ಎಲ್ಲ ಕಡೆಯ ಹಿರಿಯರೂ ಕೇಳುವ ಪ್ರಶ್ನೆ ಕೇಳಿದರು: “ಪೆಳ್ಳಿ ಎಪ್ಪುಡು ಚೇಸುಕುಂಟಾವಮ್ಮಾ?” ಮದುವೆ ಯಾವಾಗ ಮಾಡಿಕೊಳ್ತೀಯಮ್ಮ ಎಂದು. ಇವಳಿಗೆ ಅಷ್ಟು ಅರ್ಥವಾಯಿತು. ನಕ್ಕು ಕನ್ನಡದಲ್ಲೇ ಹೇಳಿದಳು: “ಈಗ ಮದುವೆ ಮಾಡಲ್ಲ, ಕಾಲೇಜ್ ಆದಮೇಲೆ ಮಾಡ್ತೀನಿ.” ನಮ್ಮ ಕಡೆಯ ನೆಂಟರು ಗೊಳ್ಳೆಂದು ನಕ್ಕರು. “ಯಾರಿಗೆ ಮಾಡ್ತೀಯೇ? ನಿಮ್ಮಮ್ಮನಿಗಾ?” ಎಂದರೊಬ್ಬರು. ಅದನ್ನು ತೆಲುಗಿಗೆ ತಿರುಗಿಸಿ ಇನ್ನೊಬ್ಬರು ಆ ಕಡೆಯವರನ್ನೂ ನಗಿಸಿದರು. ಹುಡುಗಿಗೆ ತಾನು ಏನು ತಪ್ಪು ಹೇಳಿದೆ ಎಂದೇ ಗೊತ್ತಾಗಲಿಲ್ಲ. ಯಾರೂ ಹೇಳಲೂ ಇಲ್ಲ. ಆಮೇಲೆ ಆ ದಿನವೆಲ್ಲ ಅವಳು ಯಾರೊಡನೆಯೂ ಕನ್ನಡ ಆಡಲಿಲ್ಲ. ಊಟದ ಎಲೆಯ ಮುಂದೆ ಕೂಡ ಇಂಗ್ಲಿಷಿನಲ್ಲೇ ‘ಸಾಕು’ ಎಂದಳು.

ಇದು ನಿಮ್ಮಲ್ಲಿ ಎಷ್ಟು ಜನಕ್ಕೆ ಆಗಿದೆಯೋ ನನಗೆ ಅಂದಾಜಿದೆ. ಹೀಗೆ ನಗುವ ಹಿರಿಯರಿಗೇ ಒಂದು ದಿನ ‘ಮಕ್ಕಳಿಗೆ ಕನ್ನಡ ಬರೋದಿಲ್ಲ’ ಎಂಬ ದುಃಖ. ಇಲ್ಲಿ ಅದನ್ನು ಬೆಳೆಸುವುದು ಬೇಡ. ಈ ಪತ್ರಿಕೆಯನ್ನು ಅವರೂ ಓದುತ್ತಾರೆ.

ಮಾರನೆಯ ದಿನ ಮಧ್ಯಾಹ್ನ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದೆವು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು, ಆರು ಗಂಟೆಯ ಹತ್ತಿರ. ಅನಕಾಪಲ್ಲಿಯ ಬೆಲ್ಲ, ತುನಿ, ತೆಂಗಿನ ತೋಟ, ಗದ್ದೆ. ರೈಲು ಕುಲುಕಿದಾಗ ಬೋಗಿಯ ಕೊನೆಯ ಬಾಗಿಲು ಧಡಾರನೆ ತೆರೆದುಕೊಂಡಿತು. ಎದುರಿಗೆ ಕೂತ ಹೆಂಗಸು ಮಗನಿಗೆ “ತಲುಪು ತೆರುಚುಕುಂದಿ, ಪಟ್ಟುಕೋ” ಎಂದರು. ನಾನು ಹುಡುಗಿಗೆ ಅರ್ಥ ಹೇಳಿದೆ: “ಬಾಗಿಲು ತೆರೆದುಕೊಂಡಿತು, ಹಿಡಿದುಕೋ.” ನನ್ನದು ಬಳ್ಳಾರಿಯ ತೆಲುಗು, ಕರಾವಳಿಯವರಿಗೆ ನಗು ತರಿಸುವಂಥದು, ಆದರೂ ಇಷ್ಟು ಸಾಕು. ಅವಳು ಒಂದು ನಿಮಿಷ ಸುಮ್ಮನಿದ್ದು ಕೇಳಿದಳು: “ದೊಡ್ಡಮ್ಮ, ಬಾಗಿಲು ‘ತೆರೆಯಿತು’ ಅಲ್ಲ, ‘ತೆರೆದುಕೊಂಡಿತು’. ಯಾಕೆ?” ಯಾರೂ ತೆರೆಯಲಿಲ್ಲ, ತಾನೇ ಆಯಿತಲ್ಲ, ಅದಕ್ಕೆ ಎಂದೆ. ಅವಳು ಸೀಟಿನಲ್ಲಿ ನೆಟ್ಟಗೆ ಕೂತಳು. “ಲಾ ಪುಎರ್ತಾ ಸೆ ಅಬ್ರಿಯೊ!” ಎಂದಳು. ಬಾಗಿಲು ತೆರೆದುಕೊಂಡಿತು ಎಂಬುದಕ್ಕೆ ಸ್ಪ್ಯಾನಿಷ್. ಅಲ್ಲಿನ ‘ಸೆ’ ಮಾಡುವ ಕೆಲಸವನ್ನೇ ಇಲ್ಲಿ ನಮ್ಮ ‘ಕೊಂಡಿತು’, ತೆಲುಗಿನ ‘ಕುಂದಿ’ ಮಾಡುತ್ತಿವೆ.

ಅಲ್ಲಿಂದ ಅವಳ ನೋಟುಬುಕ್ಕು ಹೊರಗೆ ಬಂತು. ಮೊದಲು ಬರೆದದ್ದು ನಿನ್ನೆಯ ಗಾಯವನ್ನೇ. ಸ್ಪ್ಯಾನಿಷಿನಲ್ಲಿ ‘ಕಸಾರ್’ ಎಂದರೆ ಮದುವೆ ಮಾಡುವುದು, ಪಾದ್ರಿ ಮಾಡುವ ಕೆಲಸ. ‘ಕಸಾರ್ಸೆ’ ಎಂದರೆ ಮದುವೆ ಮಾಡಿಕೊಳ್ಳುವುದು. ತೆಲುಗಿನಲ್ಲಿ ‘ಪೆಳ್ಳಿ ಚೇಯಿ’, ‘ಪೆಳ್ಳಿ ಚೇಸುಕೋ’. ಮೂರು ಭಾಷೆಯಲ್ಲೂ ಒಂದೇ ಜೋಡಿ. “ಹಾಗಾದರೆ ನಾನು ನಿನ್ನೆ ನಾನೇ ಪಾದ್ರಿ ಅಂದೆ!” ಎಂದು ತಾನೇ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ.

ಈ ‘ಕೊ’ ಎಲ್ಲಿಂದ ಬಂತು? ‘ಕೊಳ್ಳು’ ಎಂಬ ಪೂರ್ತಿ ಕ್ರಿಯಾಪದವೇ ಇದೆ, ತನ್ನದಾಗಿ ಮಾಡುವುದು, ಕ್ರಯಕ್ಕೆ ಪಡೆಯುವುದು ಎಂದು ಅರ್ಥ. ತೆಲುಗಿನಲ್ಲಿ ಅದು ‘ಕೊನು’, ತಮಿಳಿನಲ್ಲಿ ‘ಕೊಳ್’. ಬೇರೆ ಕ್ರಿಯಾಪದದ ಬಾಲಕ್ಕೆ ಇದನ್ನು ಕಟ್ಟಿದರೆ ಕೆಲಸದ ಫಲ ಮಾಡುವವರ ಕಡೆಗೆ ತಿರುಗುತ್ತದೆ. ‘ಕೊಳ್ಳು’ವಿಗೇ ‘ಕೊಳ್ಳು’ ಕಟ್ಟಿ ನಾವು ‘ಕೊಂಡುಕೋ’ ಎನ್ನುತ್ತೇವೆ, ಅವರು ‘ಕೊನುಕ್ಕೋ’ ಎನ್ನುತ್ತಾರೆ. ನೀವು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ‘ತಗೋ’ ಇದೆಯಲ್ಲ, ಅದೂ ‘ತೆಗೆದುಕೋ’. ಅಂಗಡಿಯಲ್ಲಿ ಅವರು ‘ತೀಸುಕೋಂಡಿ’ ಎಂದರೆ ‘ತಗೊಳ್ಳಿ’ ಎಂದೇ. ಸ್ಪ್ಯಾನಿಷ್ ಅಂಗಡಿಯಲ್ಲಿ ನೀವು ‘ಮೆ ಲೊ ಯೇವೊ’ ಎನ್ನುತ್ತೀರಿ. ಅದರಲ್ಲಿ ‘ಲೊ’ ಎಂದರೆ ಅದನ್ನು, ‘ಮೆ’ಯೇ ನಮ್ಮ ‘ಕೊ’. ‘ತಗೊಳ್ತೀನಿ’ ಎಂಬ ಒಂದು ಪದದಲ್ಲಿ ಇದೆಲ್ಲ ಮುಗಿಯಿತು. ‘ಅದನ್ನು’ ಎಂದು ಹೇಳಬೇಕಾದ್ದೂ ಇಲ್ಲ, ಎದುರಿಗೇ ಇದೆಯಲ್ಲ. ಆಟೋದವನಿಗೆ ಚಿಲ್ಲರೆ ಬಿಟ್ಟುಕೊಡುವಾಗ ತೆಲುಗಿನಲ್ಲಿ ‘ಉಂಚುಕೋಂಡಿ’, ನಮ್ಮಲ್ಲಿ ‘ಇಟ್ಟುಕೊಳ್ಳಿ’, ಅವರಲ್ಲಿ ‘ಕೆದಾರ್ಸೆ’ಯ ರೂಪ. ‘ಕೆದಾರ್’ ಎಂದರೆ ಉಳಿಯುವುದು, ‘ಕೆದಾರ್ಸೆ ಕೋನ್’ ಎಂದರೆ ಉಳಿಸಿಕೊಳ್ಳುವುದು.

ಮನಸ್ಸಿಗೆ ಹಿಡಿಸಿದ ಒಂದು ಮಾತು: ‘ಅಂದುಕೊಂಡೆ’. ಅನ್ನುವುದು ಬಾಯಿಂದ, ಅಂದುಕೊಳ್ಳುವುದು ಒಳಗೆ. ತೆಲುಗಿನ ‘ಅನುಕುನ್ನಾನು’ ಅಚ್ಚು ಅದೇ ಎರಕ. ಯೋಚನೆ ಎಂದರೆ ತನಗೆ ತಾನೇ ಹೇಳುವ ಮಾತು ಎಂದು ನಮ್ಮ ಅಜ್ಜಿಯರು ಯಾವ ತತ್ತ್ವಶಾಸ್ತ್ರವನ್ನೂ ಓದದೆ ತಿಳಿದುಕೊಂಡಿದ್ದರು ನೋಡಿ.

ಸಂಸ್ಕೃತ ಓದಿದವರು ಇಲ್ಲಿ ಆತ್ಮನೇಪದವನ್ನು ನೆನೆಯಬಹುದು. ಇನ್ನೊಬ್ಬರಿಗಾಗಿ ಅಡಿಗೆ ಮಾಡಿದರೆ ‘ಪಚತಿ’, ತನಗಾಗಿ ಮಾಡಿದರೆ ‘ಪಚತೇ’ ಎಂಬ ಭೇದವನ್ನು ಪಾಣಿನಿಯೇ ಹೇಳಿದ್ದಾನೆ. ಆದರೆ ಆಡುಮಾತಿನಲ್ಲಿ ಅದನ್ನು ದಿನಾ ಬಳಸುವವರು ನಾವು. ಹೊಲಿಗೆಯ ಉದಾಹರಣೆ ಕೊಡುತ್ತೇನೆ. ರವಿಕೆ ‘ಹೊಲಿದೆ’ ಎಂದರೆ ಹೊಲಿದೆ, ಅಷ್ಟೆ. ‘ಹೊಲಿದುಕೊಂಡೆ’ ಎಂದರೆ ನನಗೆ ನಾನೇ. ‘ಹೊಲಿದುಕೊಟ್ಟೆ’ ಎಂದರೆ ನಿಮಗೆ. ‘ಹೊಲಿಸಿದೆ’ ಎಂದರೆ ದರ್ಜಿಯ ಕೈಯಲ್ಲಿ. ‘ಹೊಲಿಸಿಕೊಂಡೆ’ ಎಂದರೆ ದರ್ಜಿಯ ಕೈಯಲ್ಲಿ, ನನಗಾಗಿ. ಕೈ ಯಾರದು, ರವಿಕೆ ಯಾರದು ಎರಡೂ ಒಂದೇ ಪದದಲ್ಲಿ ಬಂತು. ಸ್ಪ್ಯಾನಿಷಿನಲ್ಲಿ ‘ಮೆ ಕೊರ್ತೆ ಎಲ್ ಪೆಲೊ’ ಎಂದರೆ ಕೂದಲನ್ನು ನೀವೇ ಕತ್ತರಿಸಿಕೊಂಡಿರೋ, ಕ್ಷೌರದಂಗಡಿಗೆ ಹೋಗಿದ್ದಿರೋ, ಕೇಳುವವರೇ ಊಹಿಸಬೇಕು.

‘ಕೊಟ್ಟೆ’ಯಲ್ಲಿ ಮಾತ್ರ ತೆಲುಗು ನಮ್ಮನ್ನು ಬೀಳಿಸುತ್ತದೆ. ಇನ್ನೊಬ್ಬರಿಗೆ ಮಾಡಿಕೊಡುವುದಕ್ಕೆ ಅವರು ‘ಚೇಸಿಪೆಟ್ಟು’ ಎನ್ನುತ್ತಾರೆ. ಅನ್ನ ಬಡಿಸುವುದಕ್ಕೂ ‘ಪೆಟ್ಟು’. ನಮ್ಮಲ್ಲಿ ಪೆಟ್ಟು ಎಂದರೆ ಏಟು. ಅವರಲ್ಲಿ ಏಟು ಹಾಕುವುದು ‘ಕೊಟ್ಟು’, ನಮ್ಮಲ್ಲಿ ‘ಕೊಟ್ಟು’ ಎಂದರೆ ದಾನ. ಎರಡು ಮನೆಯವರೂ ಅನ್ನವನ್ನೂ ಏಟನ್ನೂ ಅದಲುಬದಲು ಮಾಡಿಕೊಂಡಿದ್ದಾರೆ. ಇದನ್ನು ಕೇಳಿ ಎದುರಿನ ಹೆಂಗಸು ನಗುತ್ತ ತಮ್ಮ ಡಬ್ಬಿಯಿಂದ ಪುಳಿಹೋರ ‘ಪೆಟ್ಟಿ’ದರು.

ರಾಜಮಂಡ್ರಿ ಬಂತು. ಗೋದಾವರಿಯ ಮೇಲೆ ರೈಲು ಹೋಗುವಾಗ ಜನ ಕಿಟಕಿಯಿಂದ ನಾಣ್ಯ ಹಾಕಿ ಕೈಮುಗಿಯುತ್ತಾರೆ. ಪಕ್ಕದಲ್ಲಿ 1900ರಲ್ಲಿ ಶುರುವಾಗಿ 1997ರಲ್ಲಿ ರೈಲು ನಿಂತ ಹಳೆಯ ಹ್ಯಾವ್ಲಾಕ್ ಸೇತುವೆಯೂ ಕಾಣುತ್ತದೆ. ಹುಡುಗಿ ನಾಣ್ಯ ಹಾಕಬೇಕೆಂದು ತೆಗೆದಿಟ್ಟುಕೊಂಡಿದ್ದಳು. ನೋಟುಬುಕ್ಕಿನಲ್ಲಿ ಮುಳುಗಿ ಬಿಟ್ಟುಹೋಯಿತು. “ನನಗೆ ಮರೆತುಹೋಯಿತು” ಎಂದಳು, ತಕ್ಷಣ “ಸೆ ಮೆ ಓಲ್ವಿದೊ” ಎಂದಳು. ಇದು ಇನ್ನೊಂದು ಚೆಂದ. ಇಂಗ್ಲಿಷಿನಲ್ಲಿ ಮರೆತವನೇ ಅಪರಾಧಿ. ಸ್ಪ್ಯಾನಿಷಿನಲ್ಲೂ ಕನ್ನಡದಲ್ಲೂ ಮರೆವು ತಾನಾಗಿ ‘ನನಗೆ’ ಆಗುತ್ತದೆ. ತೆಲುಗಿನವರು ಇಲ್ಲಿ ಇಂಗ್ಲಿಷಿನ ಪಕ್ಷ, ‘ನೇನು ಮರ್ಚಿಪೋಯಾನು’ ಎಂದು ನೇರವಾಗಿ ಒಪ್ಪುತ್ತಾರೆ. ‘ಮೆ ಗುಸ್ತಾ’ ಎನ್ನಲು ಮಾತ್ರ ಮೂವರೂ ಒಂದೇ: ‘ನನಗೆ ಇಷ್ಟ’, ‘ನಾಕು ಇಷ್ಟಂ’. ಸ್ಪ್ಯಾನಿಷ್ ಕ್ಲಾಸಿನಲ್ಲಿ ‘ಗುಸ್ತಾರ್’ ಬಂದಾಗ ಕನ್ನಡದ ‘ನನಗೆ’ಯನ್ನು ನೆನೆಸಿಕೊಳ್ಳಿ, ಕಷ್ಟ ಅರ್ಧವಾಗುತ್ತದೆ. ಅವರ ‘ಮೆ’ ಒಂದೇ ‘ನನ್ನನ್ನು’ವೂ ಹೌದು, ‘ನನಗೆ’ಯೂ ಹೌದು. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ರೂಪ ಇರುವುದರಿಂದ ನಿಮಗೆ ಗೊಂದಲ ಆಗಬೇಕಾದ್ದಿಲ್ಲ. ಅವರ ‘ಸೆ’ ಮೂರನೆಯವರಿಗೆ ಮಾತ್ರ. ನಮ್ಮ ‘ತಾನು, ತನ್ನ’ ಕೂಡ ಹಾಗೆಯೇ: ‘ಅವಳು ತನ್ನ ತಲೆ ಬಾಚಿಕೊಂಡಳು’ ಎನ್ನುತ್ತೇವೆ, ‘ನಾನು ತನ್ನ ತಲೆ’ ಎನ್ನುವುದಿಲ್ಲ. ‘ಕೊ’ಗೆ ಆ ಕಟ್ಟಿಲ್ಲ. ನಾನೂ ನೀನೂ ಅವಳೂ ಎಲ್ಲರೂ ಬಾಚಿಕೊಳ್ಳಬಹುದು.

ಎಲ್ಲ ಕಡೆ ಕೂಡುವುದಿಲ್ಲ ಎಂದೂ ಹೇಳಬೇಕು, ಇಲ್ಲವಾದರೆ ಪರೀಕ್ಷೆಯಲ್ಲಿ ನನ್ನನ್ನು ಬೈಯುತ್ತೀರಿ. ಸ್ನಾನಕ್ಕೆ ಅವರಿಗೆ ‘ಸೆ’ ಬೇಕು, ನಮಗೆ ಬರೀ ‘ಸ್ನಾನ ಮಾಡು’ ಸಾಕು. ಕೂರುವುದಕ್ಕೂ ಏಳುವುದಕ್ಕೂ ಅವರು ‘ಸೆ’ ಹಾಕುತ್ತಾರೆ. ನಾವು ‘ಕೂತ್ಕೋ’ ಎನ್ನುತ್ತೇವೆ, ತೆಲುಗಿನವರು ‘ಕೂರ್ಚೋ’, ಆದರೆ ‘ಎದ್ದುಕೋ’ ಎಂದು ಯಾರೂ ಎನ್ನುವುದಿಲ್ಲ. ಕೂರುವ ಸುಖ ನಮ್ಮದು, ಏಳುವ ಕಷ್ಟ ಯಾರದೋ! ‘ಇರ್’ ಎಂದರೆ ಹೋಗುವುದು, ‘ಇರ್ಸೆ’ ಎಂದರೆ ಇಲ್ಲಿಂದ ಹೊರಟುಹೋಗುವುದು. ಅಲ್ಲಿಯೂ ನಮ್ಮ ‘ಕೊ’ ನಡೆಯುವುದಿಲ್ಲ. ಇನ್ನು ‘ಸೆ ಲೊ ದೋಯ್’ ಎಂಬಲ್ಲಿ ಬರುವ ‘ಸೆ’ ಈ ‘ಸೆ’ಯೇ ಅಲ್ಲ, ‘ಅವನಿಗೆ’ ಎಂಬ ‘ಲೆ’ ವೇಷ ಹಾಕಿಕೊಂಡು ಬಂದದ್ದು. ಅದನ್ನು ‘ಕೊ’ ಮಾಡಬೇಡಿ.

ವಿಜಯವಾಡ ಸೇರುವಾಗ ಕತ್ತಲಾಗಿತ್ತು. ಬೆಳಿಗ್ಗೆ ಇಂದ್ರಕೀಲಾದ್ರಿ ಹತ್ತಿ ಕನಕದುರ್ಗೆಯ ದರ್ಶನ ಮಾಡಿದೆವು. ಅರ್ಜುನ ತಪಸ್ಸು ಮಾಡಿ ಶಿವನಿಂದ ಪಾಶುಪತಾಸ್ತ್ರ ಪಡೆದುಕೊಂಡದ್ದು ಇದೇ ಬೆಟ್ಟದಲ್ಲಿ ಎಂದು ಇಲ್ಲಿನವರ ನಂಬಿಕೆ. ಮೆಟ್ಟಿಲ ಹತ್ತಿರ ಒಬ್ಬರು “ಕಾಳ್ಳು ಕಡುಕ್ಕೋಂಡಿ” ಎಂದರು. ಮದುವೆಯಲ್ಲಿ ಮಾವ ಅಳಿಯನ ಕಾಲನ್ನು ‘ಕಡಿಗಿ’ದ್ದನ್ನು ಕಂಡಿದ್ದ ಹುಡುಗಿ ತನ್ನ ಕಾಲನ್ನು ತಾನೇ ‘ಕಡುಕ್ಕೊಂಡು’ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಕೆಳಗೆ ಪ್ರಕಾಶಂ ಬ್ಯಾರೇಜು, 1957ರದು. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆ, ನಡುವೆ ತುಂಗಭದ್ರೆಯನ್ನೂ ಕೂಡಿಸಿಕೊಂಡು, ಇಲ್ಲಿ ಕಾಲುವೆಗಳಾಗಿ ಹಂಚಿಹೋಗುತ್ತಾಳೆ.

ಅಲ್ಲಿ ನನ್ನ ಚಿಕ್ಕಮ್ಮನ ಮನೆ. ಚಿಕ್ಕಪ್ಪನಿಗೆ ರೈಲ್ವೆಯಲ್ಲಿ ಕೆಲಸ, ಬಳ್ಳಾರಿ ಬಿಟ್ಟು ಬಂದು ನಲವತ್ತೈದು ವರ್ಷವಾಯಿತು. ಚಿಕ್ಕಪ್ಪ ಈಗಿಲ್ಲ. ಎರಡು ವರ್ಷದ ಹಿಂದೆ ಚಿಕ್ಕಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಹಿಡಿತ ತಪ್ಪಿದೆ. ಇಡೀ ಸಂಸಾರಕ್ಕೆ ಮಾಡಿಹಾಕಿದ ಕೈ ಅದು. ನೋಡಿಕೊಳ್ಳಲು ಬರುವ ಹೆಂಗಸು ಬಾಚಣಿಗೆ ತೆಗೆದುಕೊಂಡಳು. “ನೇನೇ ದುವ್ವುಕುಂಟಾನು” ಎಂದು ಚಿಕ್ಕಮ್ಮ ಗದರಿದರು, ನಾನೇ ಬಾಚಿಕೊಳ್ಳುತ್ತೇನೆ ಎಂದು. ಆಮೇಲೆ ಎಡಗೈಯಲ್ಲಿ ಬಾಚಣಿಗೆ ಹಿಡಿದು ನಿಧಾನವಾಗಿ ಬಾಚಿಕೊಳ್ಳತೊಡಗಿದರು. ಐದು ನಿಮಿಷ, ಹತ್ತು ನಿಮಿಷ. ನಾವೆಲ್ಲ ಬೇರೆ ಏನೋ ನೋಡುತ್ತ ಕೂತೆವು. ಸಹಾಯ ಮಾಡಿದರೆ ಅವಮಾನ, ಮಾಡದಿದ್ದರೆ ಸಂಕಟ.

ಹುಡುಗಿ ಎದ್ದು ಹೋಗಿ ಅವರ ಹಿಂದೆ ಕೂತಳು. ಒಂದು ಕ್ಷಣ ಬಾಯೊಳಗೇ ಮಾತು ಕೂಡಿಸಿಕೊಂಡಳು, ಕ್ಲಾಸಿನಲ್ಲಿ ಉತ್ತರ ಹೇಳುವ ಮೊದಲು ನೀವೆಲ್ಲ ಮಾಡುವ ಹಾಗೆ. “ಅಜ್ಜಿ, ನಾನು ಜಡೆ ಹಾಕ್ಕೊಡ್ಲಾ?”

ಚಿಕ್ಕಮ್ಮ ಕೈ ನಿಲ್ಲಿಸಿದರು. “ಬಾಚ್ಕೊಳ್ಳೋದು ನಾನೇ” ಎಂದರು. “ಜಡೆ ನೀನು ಹಾಕ್ಕೊಡು.”

ಹಾಗೇ ಆಯಿತು. ಬಿಳಿಯ ಕೂದಲು, ಇಲಿಯ ಬಾಲದಂಥ ಜಡೆ. ಅವಳಿಗೆ ಹೆಣೆಯಲು ಎರಡು ನಿಮಿಷ ಸಾಕಿತ್ತು, ಅರ್ಧ ಗಂಟೆ ತೆಗೆದುಕೊಂಡಳು. ಅಷ್ಟು ಹೊತ್ತೂ ಇಬ್ಬರೂ ಮಾತಾಡಿದರು, ಕನ್ನಡದಲ್ಲಿ. ನಡುವೆ ಒಂದೆರಡು ಕಡೆ ಇವಳು ‘ಕೊ’ ಬಿಟ್ಟಳು, ಒಂದು ಕಡೆ ಬೇಡದಲ್ಲಿ ಹಾಕಿದಳು. ಅಜ್ಜಿ ನಗಲಿಲ್ಲ. ಅದೇ ಮಾತನ್ನು ಸರಿಯಾಗಿ ತಾವೊಮ್ಮೆ ಹೇಳಿ ಮುಂದೆ ಹೋದರು.

ಸಂಜೆ ಹೊರಡುವಾಗ ಹುಡುಗಿ “ಮೆ ವೋಯ್” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, “ಹೋಗ್ಬರ್ತೀನಿ ಅಜ್ಜಿ” ಎಂದಳು. ಚಿಕ್ಕಮ್ಮ ಮೇಜಿನ ಮೇಲಿದ್ದ ಕೊಂಡಪಲ್ಲಿಯ ಮರದ ಗೊಂಬೆಯೊಂದನ್ನು ಬಲಗೈಗೆ ಇಟ್ಟುಕೊಂಡರು. ಎಡಗೈಯಲ್ಲಿ ಕೊಡಬಾರದಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಗೊಂಬೆಯ ಸಮೇತ ಮೆಲ್ಲಗೆ ಮುಂದೆ ಚಾಚಿ, “ತಗೋ” ಎಂದರು.